ನಲವತ್ತರ ನಂತರ ಯಾವ ಕನ್ನಡಕ, ಅರವತ್ತರ ನಂತರ ಯಾವ ಲೆನ್ಸ್?

ಕಣ್ಣಿನ ವಿಷಯದಲ್ಲಿ ಓದುಗರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಆಯ್ಕೆಯ ಗೊಂದಲದಿಂದ ಹುಟ್ಟಿದವು. ಪತ್ರಿಕೆಯನ್ನು ಕೈ ಚಾಚಿ ದೂರ ಹಿಡಿದರೂ ಅಕ್ಷರ ಕಲಸಿಕೊಳ್ಳುತ್ತಿದೆ, ಮಾತ್ರೆಯ ಪಟ್ಟಿಯ ಹಿಂದಿನ ದಿನಾಂಕ ಓದಲಾಗುತ್ತಿಲ್ಲ. ಕನ್ನಡಕದ ಅಂಗಡಿಗೆ ಹೋದರೆ ಒಂದು ಕಡೆ 250 ರೂಪಾಯಿಯ ಸಿದ್ಧ ಕನ್ನಡಕ, ಇನ್ನೊಂದು ಕಡೆ 1,500ರ ಬೈಫೋಕಲ್, ಅದರ ಪಕ್ಕದಲ್ಲೇ 18,000ದ ಪ್ರೋಗ್ರೆಸಿವ್. ಹದಿನೈದಿಪ್ಪತ್ತು ವರ್ಷ ಕಳೆದ ಮೇಲೆ ಇದೇ ಪ್ರಶ್ನೆ ಆಸ್ಪತ್ರೆಯಲ್ಲಿ ಎದುರಾಗುತ್ತದೆ: ಪೊರೆ ತೆಗೆದ ಮೇಲೆ ಯಾವ ಲೆನ್ಸ್ ಹಾಕಿಸುವುದು? ಬೆಲೆ ಹೆಚ್ಚಿದ್ದರೆ ಗುಣವೂ ಹೆಚ್ಚಿರಬೇಕು ಎಂದು ನಂಬಿ ಸಾಲ ಮಾಡುವವರಿದ್ದಾರೆ. ಎಲ್ಲವೂ ವ್ಯಾಪಾರವೆಂದು ಬಗೆದು ವರ್ಷಗಟ್ಟಲೆ ಮಸುಕಿನಲ್ಲೇ ದಿನ ದೂಡುವವರೂ ಇದ್ದಾರೆ. ಇಬ್ಬರಿಗೂ ನಷ್ಟವೇ. ದಿನದ ಹೆಚ್ಚಿನ ಹೊತ್ತು ನೀವು ನೋಡುವ ವಸ್ತು ನಿಮ್ಮ ಕಣ್ಣಿನಿಂದ ಎಷ್ಟು ದೂರದಲ್ಲಿದೆ ಎಂದು ಟೇಪು ಹಿಡಿದು ಅಳೆಯುವುದರಿಂದಲೇ ಈ ಆಯ್ಕೆ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಲೆಯ ಮಾತು ಆಮೇಲೆ.

ಕಣ್ಣಿನೊಳಗೆ ಆಗುವುದೇನು

ಕಣ್ಣಿನ ಪಾಪೆಯ ಹಿಂದೆ ಒಂದು ಪಾರದರ್ಶಕ ಮಸೂರವಿದೆ. ದೂರ ನೋಡುವಾಗ ಅದು ಚಪ್ಪಟೆಯಾಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಮಸೂರ ಉಬ್ಬುತ್ತದೆ. ವಯಸ್ಸಾದಂತೆ ಈ ಮಸೂರ ಗಡುಸಾಗಿ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹತ್ತು ವರ್ಷದ ಮಗು ಕಣ್ಣಿನಿಂದ ಸುಮಾರು 8 ಸೆಂಟಿಮೀಟರ್ ದೂರದಲ್ಲಿರುವ ಅಕ್ಷರವನ್ನೂ ಸ್ಪಷ್ಟವಾಗಿ ಕಾಣಬಲ್ಲದು. 45ರ ಹೊತ್ತಿಗೆ ಆ ಅಂತರ 25 ಸೆಂಟಿಮೀಟರಿಗೂ, 50ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಮೀಟರಿಗೂ ಸರಿಯುತ್ತದೆ. ಇದನ್ನೇ ನಾವು ಚಾಳೀಸು ಎನ್ನುವುದು. ಇದು ಕಾಯಿಲೆಯಲ್ಲ, ಯಾರನ್ನೂ ಬಿಡುವುದೂ ಇಲ್ಲ. ಕ್ಯಾರೆಟ್ ತಿನ್ನುವುದರಿಂದಾಗಲಿ ಕಣ್ಣಿನ ವ್ಯಾಯಾಮದಿಂದಾಗಲಿ ಗಡುಸಾದ ಮಸೂರ ಮತ್ತೆ ಮೃದುವಾಗುವುದಿಲ್ಲ. ಕನ್ನಡಕ ಹಾಕಿಕೊಂಡರೆ ನಂಬರು ಬೇಗ ಏರುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಹಾಕಿಕೊಂಡರೂ ಬಿಟ್ಟರೂ 60ರವರೆಗೆ ನಂಬರು ಮೆಲ್ಲಗೆ ಏರುತ್ತದೆ, ಆಮೇಲೆ ಹೆಚ್ಚುಕಡಿಮೆ ನಿಲ್ಲುತ್ತದೆ.

ಅದೇ ಮಸೂರ ಮುಂದೆ ಹಳದಿಗಟ್ಟುತ್ತದೆ, ಮಬ್ಬಾಗುತ್ತದೆ. ಅದು ಪೊರೆ. ಪಾಪೆಯ ನಡುವಿನ ಕಿಂಡಿಯೂ ವಯಸ್ಸಾದಂತೆ ಕಿರಿದಾಗುತ್ತದೆ. ಈ ಎರಡೂ ಸೇರಿ, 60 ವರ್ಷದವರ ಅಕ್ಷಿಪಟಲಕ್ಕೆ, ಅಂದರೆ ಕಣ್ಣಿನ ಹಿಂಬದಿಯ ಪರದೆಗೆ, ತಲುಪುವ ಬೆಳಕು 20ರ ಹರೆಯದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಹಾಗಾಗಿ ಓದುವ ಕುರ್ಚಿಯ ಪಕ್ಕದಲ್ಲಿ, ಭುಜದ ಹಿಂದಿನಿಂದ ಪುಸ್ತಕದ ಮೇಲೆ ಬೀಳುವಂತೆ ಒಂದು ಎಲ್‌ಇಡಿ ದೀಪ ಇಡುವುದು ಎಲ್ಲಕ್ಕಿಂತ ಅಗ್ಗದ ಸಹಾಯ. ಕನ್ನಡಕ ಬದಲಿಸಿದರೂ ಓದಲು ಕಷ್ಟವೆನ್ನುವ ಹಿರಿಯರಿಗೆ ಮೊದಲು ಇದನ್ನು ಮಾಡಿಕೊಡಿ. ಮೆಟ್ಟಿಲಿಗೆ, ಬಚ್ಚಲಿನ ದಾರಿಗೆ ಕೂಡ ದೀಪ ಬೇಕು.

ಆಯ್ಕೆಗೆ ಮೊದಲು ತಪಾಸಣೆ

ಅಂಗಡಿಯಲ್ಲಿ ಉಚಿತವಾಗಿ ಮಾಡುವ ಕಂಪ್ಯೂಟರ್ ತಪಾಸಣೆ ಕನ್ನಡಕದ ನಂಬರನ್ನಷ್ಟೇ ಅಂದಾಜು ಮಾಡುತ್ತದೆ. ಕಣ್ಣಿನ ಒತ್ತಡ ಎಷ್ಟಿದೆ, ನರ ಹೇಗಿದೆ, ಅಕ್ಷಿಪಟಲದಲ್ಲಿ ರಕ್ತ ಸೋರಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಬದಿಯ ನೋಟವನ್ನು ಸದ್ದಿಲ್ಲದೆ ತಿನ್ನುತ್ತಾ ಬರುತ್ತದೆ. ನೋವಿರುವುದಿಲ್ಲ, ಎದುರಿನ ಅಕ್ಷರ ಕೊನೆಯವರೆಗೂ ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ. ಕಳೆದುಹೋದ ನೋಟ ಮತ್ತೆ ಬರುವುದಿಲ್ಲ. ಆದ್ದರಿಂದ 40 ದಾಟಿದವರು ಮೊದಲ ಚಾಳೀಸು ಕನ್ನಡಕಕ್ಕೆ ಮುನ್ನ ಒಮ್ಮೆಯಾದರೂ ನೇತ್ರ ವೈದ್ಯರ ಬಳಿ ಕಣ್ಣಿನ ಒತ್ತಡ ಅಳೆಸಿಕೊಂಡು, ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಅಕ್ಷಿಪಟಲ ತೋರಿಸಿಕೊಳ್ಳಬೇಕು. ಹೆತ್ತವರಿಗಾಗಲಿ ಒಡಹುಟ್ಟಿದವರಿಗಾಗಲಿ ಗ್ಲಾಕೋಮಾ ಇದ್ದರೆ ಇದನ್ನು ಮುಂದೂಡಲೇಬಾರದು. ಕಣ್ಣು ಕೆಂಪಾದಾಗಲೆಲ್ಲ ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ಹಾಕುವ ಸ್ಟೀರಾಯ್ಡ್ ಹನಿಯಿಂದ ಗ್ಲಾಕೋಮಾ ಮತ್ತು ಪೊರೆ ಎರಡೂ ಬರಬಹುದು ಎಂಬುದನ್ನು ಮನೆಮಂದಿಗೆಲ್ಲ ಹೇಳಿಡಿ.

ಸಕ್ಕರೆ ಕಾಯಿಲೆಯವರಿಗೆ ಈ ಅಕ್ಷಿಪಟಲ ಪರೀಕ್ಷೆ ವರ್ಷಕ್ಕೊಮ್ಮೆ ಬೇಕೇ ಬೇಕು. ಅವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ರಕ್ತದಲ್ಲಿ ಸಕ್ಕರೆ ಏರಿಳಿಯುತ್ತಿದ್ದರೆ ಮಸೂರವೂ ಉಬ್ಬಿ ತಗ್ಗಿ ಕನ್ನಡಕದ ನಂಬರು ವಾರಗಳಲ್ಲೇ ಬದಲಾಗುತ್ತದೆ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಸ್ಥಿರವಾಗಿ ನಿಂತ ಮೇಲೆ ಅಳತೆ ಕೊಟ್ಟರೆ ಹಣ ಉಳಿಯುತ್ತದೆ.

ಇದ್ದಕ್ಕಿದ್ದಂತೆ ಕಣ್ಣಿನಲ್ಲಿ ಮಿಂಚು, ಕಪ್ಪು ಚುಕ್ಕಿಗಳ ಮಳೆ, ಪರದೆ ಇಳಿದಂತಹ ಕತ್ತಲೆ, ಕಿಟಕಿಯ ನೇರ ಸರಳು ಸೊಟ್ಟಗೆ ಕಾಣುವುದು, ಇವು ಯಾವುವೂ ಚಾಳೀಸಲ್ಲ. ಅದೇ ದಿನ ವೈದ್ಯರನ್ನು ಕಾಣಬೇಕು.

ಅಳೆಯಬೇಕಾದ ಸಂಗತಿಗಳು

ಮೊದಲನೆಯದು ದೂರ. ಹೊಲಿಗೆ ಯಂತ್ರದ ಸೂಜಿ 35 ಸೆಂಟಿಮೀಟರ್ ಇರಬಹುದು, ಪುಸ್ತಕ 40, ಒಲೆಯ ಮೇಲಿನ ಪಾತ್ರೆ 60, ಕಂಪ್ಯೂಟರ್ ಪರದೆ 60ರಿಂದ 70, ವಾಹನದ ವೇಗಮಾಪಕ 75ರ ಸುತ್ತಮುತ್ತ. 100ನ್ನು ಈ ಸೆಂಟಿಮೀಟರಿನಿಂದ ಭಾಗಿಸಿದರೆ ಆ ದೂರ ಕಾಣಲು ಒಟ್ಟು ಬೇಕಾಗುವ ಪವರ್ ಸಿಗುತ್ತದೆ. 40ಕ್ಕೆ 2.5, 66ಕ್ಕೆ 1.5. 60 ದಾಟಿದವರಿಗೆ ಇದರಲ್ಲಿ ಬಹುಪಾಲನ್ನು ಕನ್ನಡಕವೇ ಕೊಡಬೇಕು. 45ರವರ ಮಸೂರಕ್ಕೆ ಇನ್ನೂ ಸ್ವಲ್ಪ ಶಕ್ತಿ ಉಳಿದಿರುವುದರಿಂದ 1 ಅಥವಾ 1.25 ಸಾಕಾಗುತ್ತದೆ. ಓದುವ ದೂರಕ್ಕೆ ಬರೆದ ನಂಬರಿನಲ್ಲಿ ಕಂಪ್ಯೂಟರ್ ಪರದೆ ಮಸುಕಾಗುವುದು ಇದೇ ಕಾರಣಕ್ಕೆ. ಪರೀಕ್ಷೆ ಮಾಡುವವರು ಕೈಗೆ ಕೊಡುವ ಓದುವ ಕಾರ್ಡನ್ನು ಸಾಮಾನ್ಯವಾಗಿ 40 ಸೆಂಟಿಮೀಟರಿನಲ್ಲಿ ಹಿಡಿಸುತ್ತಾರೆ. ನಿಮ್ಮ ಕೆಲಸದ ದೂರ ಬೇರೆಯಾಗಿದ್ದರೆ ನೀವೇ ಬಾಯಿಬಿಟ್ಟು ಹೇಳಬೇಕು.

ಎರಡನೆಯದು, ಈ ದೂರಗಳ ನಡುವೆ ನಿಮ್ಮ ಕಣ್ಣು ಎಷ್ಟು ಸಲ ಓಡಾಡುತ್ತದೆ ಎಂಬುದು. ದಿನಸಿ ಅಂಗಡಿಯವರು ಗಿರಾಕಿಯ ಮುಖ, ಎದುರಿನ ಕಪಾಟು, ಕೈಯಲ್ಲಿರುವ ಬಿಲ್ಲು ಮೂರನ್ನೂ ನಿಮಿಷಕ್ಕೆ ಹತ್ತು ಸಲ ನೋಡಬೇಕು. ನೇಕಾರರಿಗೆ ಗಂಟೆಗಟ್ಟಲೆ ಒಂದೇ ದೂರ. ಮೂರನೆಯದು ನಡಿಗೆ ಮತ್ತು ಮೆಟ್ಟಿಲು. ಇದನ್ನು ಮುಂದೆ ವಿವರವಾಗಿ ನೋಡೋಣ. ಕೊನೆಯದಾಗಿ ಹಣ. ಅದರಲ್ಲೂ ಕನ್ನಡಕ ಕಳೆದುಹೋದರೆ, ಒಡೆದರೆ, ಎರಡು ಮೂರು ವರ್ಷಕ್ಕೆ ನಂಬರು ಬದಲಾದರೆ ಮತ್ತೆ ಅಷ್ಟೇ ಹಣ ಹಾಕಲು ಸಾಧ್ಯವೇ ಎಂಬ ಲೆಕ್ಕ. ಇಂದು ಒಂದು ಸಲ ಕೊಡಬಲ್ಲೆವೇ ಎಂಬುದಷ್ಟೇ ಲೆಕ್ಕವಲ್ಲ.

ಸಿದ್ಧ ಓದುವ ಕನ್ನಡಕ

ಇದನ್ನು ಹೀನಾಯವಾಗಿ ನೋಡುವವರಿದ್ದಾರೆ; ನಾನು ಹಾಗೆ ನೋಡಲಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ 751 ಕಾರ್ಮಿಕರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಅಗ್ಗದ ಹತ್ತಿರದ ಕನ್ನಡಕ ಕೊಡಲಾಯಿತು. ಕನ್ನಡಕವಿಲ್ಲದವರಿಗಿಂತ ಅವರ ದುಡಿಮೆ ಸುಮಾರು 22 ಶೇಕಡಾ ಹೆಚ್ಚು ಏರಿತು, 50 ದಾಟಿದವರಲ್ಲಿ 30 ಶೇಕಡಾಕ್ಕೂ ಮೇಲೆ. ಎಲೆ ಕಿತ್ತ ತೂಕಕ್ಕೆ ಕೂಲಿ ಸಿಗುವ ಕಡೆ ಅದು ನೇರವಾಗಿ ಮನೆಗೆ ಬರುವ ಹಣ. ಇಳಕಲ್ಲಿನ ಮಗ್ಗದ ಮುಂದೆ, ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ, ಕೊಡಗಿನ ಕಾಫಿ ಕಣದಲ್ಲಿ ಬೀಜ ಆರಿಸುವ ಹೆಂಗಸರ ನಡುವೆ ಇಂತಹ ಕನ್ನಡಕವಿಲ್ಲದೆ ಕಷ್ಟಪಡುವವರಿದ್ದರೆ ತೋಟದವರೋ ಮಾಲೀಕರೋ ತೆಗೆಸಿಕೊಡಬೇಕು. ಖರ್ಚು ಒಂದು ದಿನದ ಕೂಲಿಗಿಂತ ಕಡಿಮೆ.

ದೂರದ ನೋಟ ಚೆನ್ನಾಗಿದ್ದು, ಎರಡೂ ಕಣ್ಣಿಗೆ ಒಂದೇ ನಂಬರು ಸಾಕಾಗುವವರಿಗೆ, ಸಿಲಿಂಡರ್ ನಂಬರು (ಕಣ್ಣಿನ ವಕ್ರತೆ ಎಲ್ಲ ದಿಕ್ಕಿಗೂ ಒಂದೇ ಆಗಿಲ್ಲದಿದ್ದರೆ ಬರುವ ನಂಬರು) ಇಲ್ಲದವರಿಗೆ ಇದು ಸರಿಯಾದ ಆಯ್ಕೆ. ಒಂದು ಅಡುಗೆಮನೆಯಲ್ಲಿ, ಒಂದು ದೇವರ ಕೋಣೆಯಲ್ಲಿ, ಒಂದು ಚೀಲದಲ್ಲಿ ಇಟ್ಟುಕೊಂಡರೂ ಸಾವಿರ ರೂಪಾಯಿ ದಾಟುವುದಿಲ್ಲ. ಆದರೆ ಎರಡು ಕಣ್ಣಿನ ನಂಬರಿನಲ್ಲಿ ವ್ಯತ್ಯಾಸವಿದ್ದರೆ, ಸಿಲಿಂಡರ್ ಇದ್ದರೆ ಇದರಲ್ಲಿ ಅರ್ಧ ಗಂಟೆ ಓದಿದರೆ ತಲೆನೋವು ಬರುತ್ತದೆ. ಆಗ ಸ್ವಂತ ನಂಬರಿಗೆ ಮಾಡಿಸಿದ ಓದುವ ಕನ್ನಡಕಕ್ಕೆ 800ರಿಂದ 1,500 ರೂಪಾಯಿ ಕೊಡುವುದು ಒಳ್ಳೆಯದು. ಇದನ್ನು ಹಾಕಿಕೊಂಡು ಎದ್ದು ನಡೆಯಬಾರದು. ದೂರದ್ದೆಲ್ಲ ಮಸುಕು, ಮೆಟ್ಟಿಲಿನ ಅಂದಾಜು ತಪ್ಪುತ್ತದೆ.

ಮೈನಸ್ ನಂಬರಿನವರಿಗೆ ಒಂದು ಅನುಕೂಲವಿದೆ. ಮೈನಸ್ 2ರಿಂದ 3ರವರೆಗೆ ಇರುವವರು ಕನ್ನಡಕ ತೆಗೆದರೆ ಸಾಕು, ಓದುವ ದೂರ ತಾನಾಗಿ ಸ್ಪಷ್ಟವಾಗುತ್ತದೆ. ಅಂತಹವರು ಹೆಚ್ಚು ಓದುವುದು ಮನೆಯಲ್ಲೇ ಆದರೆ ಹೊಸದೇನನ್ನೂ ಕೊಳ್ಳದೆ ಹಲವು ವರ್ಷ ನಡೆಸಬಹುದು.

ಬೈಫೋಕಲ್

ಮೇಲೆ ದೂರ, ಕೆಳಗೆ ಹತ್ತಿರ, ನಡುವೆ ಗೆರೆ. 18ನೇ ಶತಮಾನದ ಕೊನೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಎರಡು ಗಾಜುಗಳನ್ನು ಅರ್ಧಕ್ಕೆ ಕತ್ತರಿಸಿ ಜೋಡಿಸಿಕೊಂಡ ಉಪಾಯ ಇಂದಿಗೂ ಬಾಳುತ್ತಿದೆ, ಅದಕ್ಕೆ ಕಾರಣವೂ ಇದೆ. ಬೆಲೆ ಕಡಿಮೆ, ಹೊಂದಿಕೊಳ್ಳುವುದು ಸುಲಭ, ಓದುವ ಭಾಗ ಅಗಲವಾಗಿರುತ್ತದೆ. ಅಂಗಡಿಗಳಲ್ಲಿ ಕೆಟಿ ಎನ್ನುವುದು ದುಂಡು ಕಿಟಕಿಯದು, ಡಿ ಎನ್ನುವುದು ಮೇಲಂಚು ನೇರವಾಗಿರುವ ಕಿಟಕಿಯದು. ಓದು ಬರಹ ಹೆಚ್ಚಿರುವವರಿಗೆ ಡಿ ಮೇಲು. ಹತ್ತಿರದ ಭಾಗಕ್ಕೆ ಕಣ್ಣು ಇಳಿದ ಕೂಡಲೇ ಅಗಲವಾದ ನೋಟ ಸಿಗುತ್ತದೆ.

ತೊಂದರೆ ನಡುವಿನ ದೂರದಲ್ಲಿ. 60–70 ಸೆಂಟಿಮೀಟರಿನ ಕಂಪ್ಯೂಟರ್ ಪರದೆ ಮೇಲಿನ ಗಾಜಿನಲ್ಲೂ ಮಸುಕು, ಕೆಳಗಿನದರಲ್ಲೂ ಮಸುಕು. 45–50ರ ವಯಸ್ಸಿನಲ್ಲಿ ಇದು ತಿಳಿಯುವುದಿಲ್ಲ, ಏಕೆಂದರೆ ಆ ಕೊರತೆಯನ್ನು ಕಣ್ಣೇ ತುಂಬಿಕೊಡುತ್ತದೆ. 55 ದಾಟಿದ ಮೇಲೆ ಚೆನ್ನಾಗಿಯೇ ತಿಳಿಯುತ್ತದೆ. ತಲೆಯ ಮೇಲಿನ ಕೆಲಸ ಮಾಡುವ ಎಲೆಕ್ಟ್ರಿಷಿಯನ್, ಪ್ಲಂಬರ್, ಎತ್ತರದ ಕಪಾಟಿನಿಂದ ಔಷಧ ತೆಗೆಯುವವರಿಗೆ ಹತ್ತಿರದ ಕಿಟಕಿ ಕೆಳಗಿರುವುದೇ ಅಡ್ಡಿ. ಅವರಿಗೆ ಕೆಲಸದ ದೂರಕ್ಕೆ ಮಾಡಿಸಿದ ಬೇರೆಯದೇ ಕನ್ನಡಕ ಬೇಕು. ಪತ್ರಿಕೆ, ಟಿವಿ, ಸಂಜೆಯ ವಾಯುವಿಹಾರ ಇಷ್ಟರಲ್ಲೇ ದಿನ ಕಳೆಯುವ, ಕಂಪ್ಯೂಟರ್ ಬಳಸದ ಹಿರಿಯರಿಗೆ ದುಬಾರಿ ಪ್ರೋಗ್ರೆಸಿವ್ ಕೊಡಿಸುವ ಮಕ್ಕಳು ಒಮ್ಮೆ ಬೈಫೋಕಲ್ ಕಡೆಗೂ ನೋಡಬೇಕು. ಹಲವು ವರ್ಷ ಬೈಫೋಕಲ್ ಹಾಕಿ ಒಗ್ಗಿಹೋದವರಿಗೆ 70ರ ನಂತರ ಅದನ್ನು ಬದಲಿಸುವುದು ಉಪಕಾರವಾಗುವುದು ಅಪರೂಪ.

ಪ್ರೋಗ್ರೆಸಿವ್

ಫ್ರಾನ್ಸಿನ ಬರ್ನಾರ್ಡ್ ಮೆತೆನಾಜ್ ರೂಪಿಸಿದ ಪ್ರೋಗ್ರೆಸಿವ್ ಲೆನ್ಸ್ 1959ರಲ್ಲಿ ವ್ಯಾರಿಲಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇದರಲ್ಲಿ ಮೇಲಿನಿಂದ ಕೆಳಗೆ ಪವರ್ ಮೆಲ್ಲಮೆಲ್ಲಗೆ ಏರುತ್ತದೆ, ಗೆರೆ ಕಾಣುವುದಿಲ್ಲ, ನಡುವಿನ ದೂರವೂ ಸಿಗುತ್ತದೆ. ಆದರೆ ಗಾಜಿನ ಎಡಬಲ ಅಂಚುಗಳಲ್ಲಿ ನೋಟ ವಕ್ರವಾಗುತ್ತದೆ. ಸ್ಪಷ್ಟ ನೋಟ ಒಂದು ಓಣಿಯಂತೆ ನಡುವೆ ಇಳಿಯುತ್ತದೆ. ಬೆಲೆ ಏರಿದಂತೆ ಮುಖ್ಯವಾಗಿ ಸಿಗುವುದು ಆ ಓಣಿಯ ಅಗಲ. 3,000 ರೂಪಾಯಿಯದರಲ್ಲಿ ಓಣಿ ಕಿರಿದು, 15,000ದಲ್ಲಿ ಗಮನಕ್ಕೆ ಬರುವಷ್ಟು ಅಗಲ. ಅಲ್ಲಿಂದ 40,000ಕ್ಕೆ ಏರಿದಾಗ ಸಿಗುವ ಹೆಚ್ಚಳವನ್ನು ಎಲ್ಲರ ಕಣ್ಣೂ ಗುರುತಿಸುವುದಿಲ್ಲ. ಹತ್ತಿರದ ನಂಬರು 1–1.5 ಇರುವ 45ರವರಿಗೆ ಅಂಚಿನ ವಕ್ರತೆ ಕಡಿಮೆ ಇರುವುದರಿಂದ ನಡುಮಟ್ಟದ ಲೆನ್ಸೇ ಸಾಕು. 2.5ಕ್ಕೆ ತಲುಪಿದವರು, ಸಿಲಿಂಡರ್ ಹೆಚ್ಚಿರುವವರು ಹಣ ಹೆಚ್ಚು ಹಾಕಿದರೆ ಅದು ಫಲ ಕೊಡುತ್ತದೆ.

ಪ್ರೋಗ್ರೆಸಿವ್ ಹೊಂದಿಕೊಳ್ಳಲಿಲ್ಲ ಎನ್ನುವವರಲ್ಲಿ ಅನೇಕರ ತೊಂದರೆ ಇರುವುದು ಅಳತೆಯಲ್ಲಿ. ಫ್ರೇಮನ್ನು ಮೊದಲು ನಿಮ್ಮ ಮೂಗಿಗೆ, ಕಿವಿಗೆ ಸರಿಹೊಂದಿಸಿ ಹಾಕಿಸಿ, ನೀವು ನೇರವಾಗಿ ನೋಡುತ್ತಿರುವಾಗ ಪ್ರತಿ ಕಣ್ಣಿನ ಪಾಪೆಯ ನಡುವನ್ನು ಆ ಫ್ರೇಮಿನ ಗಾಜಿನ ಮೇಲೆ ಪೆನ್ನಿನಿಂದ ಗುರುತು ಮಾಡಬೇಕು. ಮೂಗಿನ ನಡುವಿನಿಂದ ಎಡಗಣ್ಣಿಗೆ, ಬಲಗಣ್ಣಿಗೆ ಬೇರೆಬೇರೆ ಅಳತೆ ತೆಗೆಯಬೇಕು. ಈ ಗುರುತು ಎರಡು ಮೂರು ಮಿಲಿಮೀಟರ್ ತಪ್ಪಿದರೆ ಎಷ್ಟೇ ದುಬಾರಿ ಲೆನ್ಸೂ ವ್ಯರ್ಥ. ಇದನ್ನು ಮಾಡದೆ ಆರ್ಡರ್ ತೆಗೆದುಕೊಳ್ಳುವ ಅಂಗಡಿಯಿಂದ ಎದ್ದು ಬನ್ನಿ. ಮೊಬೈಲಿನ ಕ್ಯಾಮೆರಾ ನೋಡಿ ಮನೆಯಿಂದಲೇ ತರಿಸುವ ಕನ್ನಡಕ ಒಂದೇ ನಂಬರಿನದಾದರೆ ಆಗಬಹುದು; ಮೊದಲ ಪ್ರೋಗ್ರೆಸಿವ್ ಹಾಗೆ ತರಿಸಬೇಡಿ ಎನ್ನುತ್ತೇನೆ. ಚಪ್ಪಟೆಯಾದ, ಎತ್ತರ ಕಡಿಮೆಯಿರುವ ಫ್ರೇಮಿನಲ್ಲಿ ಓದುವ ಭಾಗವೇ ಕತ್ತರಿಸಿಹೋಗುತ್ತದೆ. ಪಾಪೆಯ ನಡುವಿನಿಂದ ಫ್ರೇಮಿನ ಕೆಳಅಂಚಿಗೆ 18 ಮಿಲಿಮೀಟರಾದರೂ ಇರುವಂತೆ ಆರಿಸಿಕೊಳ್ಳಿ.

ಮೊದಲ ಒಂದೆರಡು ವಾರ ನೆಲ ತೇಲಿದಂತೆ ಅನಿಸುತ್ತದೆ. ಬದಿಗೆ ನೋಡುವಾಗ ಕಣ್ಣಿನ ಬದಲು ತಲೆಯನ್ನೇ ತಿರುಗಿಸುವ ಅಭ್ಯಾಸ ಬೇಕು. ಬೆಳಗ್ಗೆ ಎದ್ದ ಕೂಡಲೇ ಹಾಕಿ ದಿನವಿಡೀ ಇಟ್ಟುಕೊಂಡವರು ಬೇಗ ಒಗ್ಗಿಕೊಳ್ಳುತ್ತಾರೆ. ಹಳೆಯ ಕನ್ನಡಕವನ್ನೂ ನಡುನಡುವೆ ಹಾಕುವವರಿಗೆ ಒಗ್ಗುವುದು ನಿಧಾನ. ಎರಡು ವಾರದ ನಂತರವೂ ತಲೆಸುತ್ತು ಇದ್ದರೆ ಅಂಗಡಿಗೆ ಹೋಗಿ ಗುರುತನ್ನು ಮರುಪರೀಕ್ಷೆ ಮಾಡಿಸಿ. ಬದಲಿಸಿಕೊಡುವ ಅವಧಿ ಎಷ್ಟು ದಿನ ಎಂದು ಹಣ ಕೊಡುವ ಮೊದಲೇ ಬಿಲ್ಲಿನಲ್ಲಿ ಬರೆಸಿಕೊಂಡಿರಿ.

ಈಗ ಮೆಟ್ಟಿಲಿನ ವಿಷಯ. ಬೈಫೋಕಲ್ ಮತ್ತು ಪ್ರೋಗ್ರೆಸಿವ್ ಎರಡರಲ್ಲೂ ಕೆಳಗೆ ನೋಡಿದಾಗ ಕಣ್ಣು ಓದುವ ಭಾಗದ ಮೂಲಕ ಹಾದು ಕಾಲ ಬಳಿಯ ನೆಲ ಮಸುಕಾಗುತ್ತದೆ. ಇಂತಹ ಕನ್ನಡಕ ಹಾಕುವ ಹಿರಿಯರು ಬೀಳುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚೆಂದು ಆಸ್ಟ್ರೇಲಿಯಾದ ಸಂಶೋಧಕರು 2002ರಲ್ಲಿ ತೋರಿಸಿದರು. ಅಲ್ಲಿಯೇ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೊರಗೆ ಓಡಾಡಲು ಕೇವಲ ದೂರದ ನಂಬರಿನ ಬೇರೆ ಕನ್ನಡಕ ಕೊಟ್ಟಾಗ, ಹೊರಗೆ ಹೆಚ್ಚು ತಿರುಗುವ ಹಿರಿಯರು ಬೀಳುವುದು ಕಡಿಮೆಯಾಯಿತು. ಆದರೆ ಮನೆಯಲ್ಲೇ ಹೆಚ್ಚು ಇರುವವರು ಹೊರಗೆ ಬೀಳುವುದು ಹೆಚ್ಚಿತು. ಹಾಗಾಗಿ ದಿನಾ ಬಸ್ ಹತ್ತಿ ಇಳಿಯುವ, ಗುಡ್ಡದ ದೇವಸ್ಥಾನಕ್ಕೆ ಮೆಟ್ಟಿಲು ಹತ್ತುವ, ತೋಟದ ಬದುವಿನಲ್ಲಿ ನಡೆಯುವ 65 ದಾಟಿದವರಿಗೆ ಇನ್ನೊಂದು ದೂರದ ಕನ್ನಡಕ ಮಾಡಿಸುವುದು ತಕ್ಕ ಖರ್ಚು. ಅಪರೂಪಕ್ಕೆ ಹೊರಬೀಳುವವರಿಗೆ ಕನ್ನಡಕ ಬದಲಿಸುವುದೇ ಇನ್ನೊಂದು ಗೊಂದಲ. ಅವರು ಒಗ್ಗಿದ್ದನ್ನೇ ಹಾಕಿ, ಮೆಟ್ಟಿಲ ಬದಿಯ ಕಂಬಿ ಹಿಡಿದು ಇಳಿಯಲಿ.

ಉಳಿದ ದಾರಿಗಳು

ದಿನಕ್ಕೆ ಏಳೆಂಟು ಗಂಟೆ ಪರದೆಯ ಮುಂದೆ ಕೂರುವವರಿಗೆ ಕಚೇರಿ ಲೆನ್ಸ್ ಎಂದು ಕರೆಯುವ ವಿಧವೊಂದಿದೆ. ಅದರಲ್ಲಿ ದೂರದ ಭಾಗವನ್ನು ಬಿಟ್ಟುಕೊಟ್ಟು 40 ಸೆಂಟಿಮೀಟರಿನಿಂದ ಎರಡು ಮೂರು ಮೀಟರ್‌ವರೆಗೆ ಅಗಲವಾದ ನೋಟ ಸಿಗುತ್ತದೆ. ಪ್ರೋಗ್ರೆಸಿವ್ ಹಾಕಿ ಪರದೆ ನೋಡಲು ಗಲ್ಲ ಎತ್ತಿ ಎತ್ತಿ ಕುತ್ತಿಗೆ ನೋಯಿಸಿಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ. ವಾಹನ ಓಡಿಸಲು ಮಾತ್ರ ಇದು ಸಲ್ಲದು. ಒಂದು ನಡುಮಟ್ಟದ ಪ್ರೋಗ್ರೆಸಿವ್ ಮತ್ತು ಒಂದು ಕಚೇರಿ ಲೆನ್ಸ್ ಸೇರಿದರೂ ಅತಿ ದುಬಾರಿಯ ಒಂದೇ ಪ್ರೋಗ್ರೆಸಿವ್‌ಗಿಂತ ಕಡಿಮೆ ಬೆಲೆಗೆ ಸಿಗುತ್ತವೆ, ಕೆಲಸಕ್ಕೂ ಹೆಚ್ಚು ಒದಗುತ್ತವೆ.

ಕನ್ನಡಕವೇ ಬೇಡವೆನ್ನುವವರಿಗೆ ಕಾಂಟ್ಯಾಕ್ಟ್ ಲೆನ್ಸ್ ಇದೆ. ಒಂದು ಕಣ್ಣಿಗೆ ದೂರ, ಇನ್ನೊಂದಕ್ಕೆ ಹತ್ತಿರ ಎಂದು ಹಂಚುವ ವಿಧಾನವನ್ನು ಮೆದುಳು ಅನೇಕರಲ್ಲಿ ಒಪ್ಪಿಕೊಳ್ಳುತ್ತದೆ. ಆಳದ ಅಂದಾಜು ಸ್ವಲ್ಪ ತಗ್ಗುತ್ತದೆ. ವಯಸ್ಸಾದಂತೆ ಕಣ್ಣಿನ ತೇವವೂ ಕಡಿಮೆಯಾಗುವುದರಿಂದ 55ರ ನಂತರ ಇದನ್ನು ಹೊಸದಾಗಿ ಆರಂಭಿಸುವವರು ಕಡಿಮೆ.

ಕನ್ನಡಕ ಬಿಡಿಸುವ ಹನಿಯ ಬಗ್ಗೆ ಬಹಳ ಜನ ಕೇಳಿದ್ದಾರೆ. ಪೈಲೋಕಾರ್ಪಿನ್ ಎಂಬ ಹಳೆಯ ಔಷಧದ ಹನಿ ಪಾಪೆಯ ಕಿಂಡಿಯನ್ನು ಕಿರಿದು ಮಾಡಿ ಕೆಲವು ಗಂಟೆ ಹತ್ತಿರದ ನೋಟವನ್ನು ಚುರುಕಾಗಿಸುತ್ತದೆ. ಅಮೆರಿಕದಲ್ಲಿ ಇದಕ್ಕೆ 2021ರಲ್ಲಿ ಅನುಮತಿ ಸಿಕ್ಕಿತು. ಭಾರತದಲ್ಲಿ 2024ರಲ್ಲಿ ಒಂದು ಕಂಪನಿಯ ಹನಿಗೆ ಔಷಧ ನಿಯಂತ್ರಕರು ಅನುಮತಿ ಕೊಟ್ಟು, ಒಪ್ಪಿಗೆಯಿಲ್ಲದ ಪ್ರಚಾರ ನಡೆದಿದೆಯೆಂದು ಅದೇ ಸೆಪ್ಟೆಂಬರಿನಲ್ಲಿ ಅಮಾನತಿನಲ್ಲಿಟ್ಟರು. ಇದರಿಂದ ತಲೆನೋವು ಬರಬಹುದು, ರಾತ್ರಿ ಎಲ್ಲವೂ ಮಂಕಾಗಿ ಕಾಣಬಹುದು, ಅಪರೂಪಕ್ಕೆ ಅಕ್ಷಿಪಟಲ ಕಳಚುವ ಅಪಾಯವೂ ಇದೆ. ಹೆಚ್ಚು ಮೈನಸ್ ನಂಬರಿನವರು, ರಾತ್ರಿ ಲಾರಿ, ಟ್ಯಾಕ್ಸಿ ಓಡಿಸುವವರು ಇದರಿಂದ ದೂರವಿರಬೇಕು. 250 ರೂಪಾಯಿಯ ಕನ್ನಡಕ ಮಾಡುವ ಕೆಲಸಕ್ಕೆ ಇಷ್ಟು ತೊಡಕು ಏಕೆ?

ಇನ್ನು ಲೇಪನಗಳು. ರಾತ್ರಿ ವಾಹನ ಓಡಿಸುವವರಿಗೆ ಪ್ರತಿಫಲನ ತಡೆಯುವ ಲೇಪನ ನಿಜವಾಗಿಯೂ ಉಪಯುಕ್ತ. ನೀಲಿ ಬೆಳಕು ತಡೆಯುವ ಲೇಪನಕ್ಕೆ ಹೆಚ್ಚುವರಿ ಹಣ ಕೊಡಬೇಡಿ. ಅದು ಪರದೆಯಿಂದಾಗುವ ಕಣ್ಣಿನ ದಣಿವನ್ನು ಕಡಿಮೆ ಮಾಡುವಂತೆ ಕಾಣುವುದಿಲ್ಲ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆ ಹೇಳಿದೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಉರಿ ಬರುವುದು ಬಹುಮಟ್ಟಿಗೆ ಅದರಿಂದ.

ಪೊರೆ: ಯಾವಾಗ, ಹೇಗೆ, ಯಾವ ಲೆನ್ಸ್

60 ದಾಟಿದ ಅಜ್ಜಿಗೆ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಅಕ್ಕಿಯ ಕಲ್ಲು ಕಾಣತೊಡಗಿದರೆ ಮನೆಯವರು ಹಿಗ್ಗುತ್ತಾರೆ. ಪೊರೆ ಬಲಿಯುವಾಗ ಮಸೂರದ ನಡುಭಾಗ ದಟ್ಟವಾಗಿ ಕಣ್ಣು ಮೈನಸ್ ಕಡೆಗೆ ವಾಲುವುದರಿಂದ ಹೀಗಾಗುತ್ತದೆ. ದೂರದ ನೋಟ ಆಗಲೇ ಇಳಿಯುತ್ತಿರುತ್ತದೆ. ಎದುರಿನ ವಾಹನದ ದೀಪ ಒಡೆದು ಹರಡಿದಂತೆ ಕಾಣುವುದು, ವರ್ಷದಲ್ಲೇ ಕನ್ನಡಕದ ನಂಬರು ಎರಡು ಸಲ ಬದಲಾಗುವುದು ಪೊರೆಯ ಇತರ ಸೂಚನೆಗಳು. ಈ ಹಂತದಲ್ಲಿ ಪ್ರೋಗ್ರೆಸಿವ್‌ಗೆ ಹಣ ಹಾಕಬೇಡಿ. ದೇಶದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಕುರುಡುತನದಲ್ಲಿ ಸುಮಾರು ಮೂರನೇ ಎರಡು ಪಾಲಿಗೆ ಪೊರೆಯೇ ಕಾರಣ. ಅಂದರೆ ಅಷ್ಟೂ ಜನರದ್ದು ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ನೀಗಬಹುದಾದ ಕುರುಡುತನ. ಇದು ನೋವಿನ ಸಂಗತಿ.

ಪೊರೆ ಪೂರ್ತಿ ಬಲಿಯಲಿ ಎಂದು ಕಾಯುವ ರೂಢಿ ಹಳೆಯ ಕಾಲದ್ದು. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳಲ್ಲಿ ಲಕ್ಷಾಂತರ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಕಾಲದಲ್ಲಿ ಮಸೂರವನ್ನು ಇಡಿಯಾಗಿ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುವುದೇ ಸಾಮಾನ್ಯವಾಗಿತ್ತು, ಬಲಿತ ಪೊರೆ ತೆಗೆಯಲು ಸುಲಭವೂ ಆಗಿತ್ತು. ಈಗ ಕಾದಷ್ಟೂ ಮಸೂರ ಗಟ್ಟಿಯಾಗಿ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ. ಅತಿಯಾಗಿ ಬಲಿತರೆ ಕಣ್ಣಿನ ಒತ್ತಡ ಏರಿ ನೋಟವೇ ಹೋಗಬಹುದು. ಕೆಲಸಕ್ಕೆ, ಓದಿಗೆ, ಓಡಾಟಕ್ಕೆ ಅಡ್ಡಿಯಾಗತೊಡಗಿದಾಗಲೇ ತೆಗೆಸಿಕೊಳ್ಳುವುದು ಸರಿ. ಅಡ್ಡಿಯಿಲ್ಲದಿದ್ದರೆ ಅವಸರವೂ ಬೇಡ.

ವಿಧಾನ ಎರಡು. ಫೇಕೊದಲ್ಲಿ ಮೂರು ಮಿಲಿಮೀಟರಿಗಿಂತ ಕಿರಿದಾದ ಕೊಯ್ತದ ಮೂಲಕ ಅತಿಧ್ವನಿ ಅಲೆಗಳಿಂದ ಪೊರೆಯನ್ನು ಪುಡಿಮಾಡಿ ಹೀರುತ್ತಾರೆ. ಶಿಬಿರಗಳಲ್ಲಿ ಹೆಚ್ಚಾಗಿ ಮಾಡುವ ಸಣ್ಣ ಕೊಯ್ತದ್ದೆಂದು ಕರೆಯುವ ವಿಧಾನದಲ್ಲಿ ಫೇಕೊಗಿಂತ ಹೆಚ್ಚು, ಆರೇಳು ಮಿಲಿಮೀಟರ್ ಕೊಯ್ದು ಕೈಯಿಂದಲೇ ತೆಗೆಯುತ್ತಾರೆ. ಹೊಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಫೇಕೊದಲ್ಲಿ ಚೇತರಿಕೆ ಬೇಗ, ಸಿಲಿಂಡರ್ ನಂಬರು ಉಳಿಯುವುದು ಕಡಿಮೆ. ಆದರೆ ಎರಡನ್ನೂ ಹೋಲಿಸಿದ, 2007ರಲ್ಲಿ ಪ್ರಕಟವಾದ ನೇಪಾಳದ ಅಧ್ಯಯನದಲ್ಲಿ ಆರು ತಿಂಗಳ ನಂತರ ಎರಡೂ ಗುಂಪಿನ 98 ಶೇಕಡಾ ಜನರಿಗೆ ಕನ್ನಡಕದೊಂದಿಗೆ ಒಳ್ಳೆಯ ನೋಟ ಸಿಕ್ಕಿತ್ತು. ತುಂಬ ಬಲಿತ ಪೊರೆಗೆ ಎರಡನೆಯ ವಿಧಾನವೇ ಸುರಕ್ಷಿತ ಎನ್ನುವ ಶಸ್ತ್ರಚಿಕಿತ್ಸಕರಿದ್ದಾರೆ. ಬೆಂಗಳೂರಿನ ಮಿಂಟೋದಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ, ದತ್ತಿ ಸಂಸ್ಥೆಗಳ ಶಿಬಿರಗಳಲ್ಲಿ ಬಡವರಿಗೆ ಇದು ಉಚಿತವಾಗಿ ಸಿಗುತ್ತದೆ. ಹಣವಿಲ್ಲವೆಂದು ಕುರುಡಾಗಿ ಕೂರುವ ಅಗತ್ಯ ಯಾರಿಗೂ ಇಲ್ಲ.

ತೆಗೆದ ಮಸೂರದ ಬದಲು ಕಣ್ಣಿನೊಳಗೆ ಕೂರಿಸುವ ಲೆನ್ಸನ್ನು ಮೊದಲು ಹಾಕಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ. ದಶಕಗಳ ಕಾಲ ನಮ್ಮ ಬಡವರಿಗೆ ಎಟುಕದೆ ಉಳಿದ ಆ ಲೆನ್ಸನ್ನು ಮದುರೈನ ಅರವಿಂದ ಕಣ್ಣಾಸ್ಪತ್ರೆ 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿ ಅಗ್ಗವಾಗಿ ತಯಾರಿಸತೊಡಗಿತು. ಆದ್ದರಿಂದ ಭಾರತದಲ್ಲಿ ತಯಾರಾದದ್ದು ಕಳಪೆ ಎಂಬ ಅಂಜಿಕೆ ಬೇಡ.

ಒಂದೇ ದೂರದ ಮೊನೊಫೋಕಲ್ ಲೆನ್ಸ್ ಎಲ್ಲಕ್ಕಿಂತ ಸ್ಪಷ್ಟವಾದ ನೋಟ ಕೊಡುತ್ತದೆ. ಓದಲು ಕನ್ನಡಕ ಬೇಕೇ ಬೇಕು, ಆದರೆ ಅದು ಸಿದ್ಧ ಕನ್ನಡಕವೂ ಆದೀತು. ಮಲ್ಟಿಫೋಕಲ್‌ಗೆ ಇದರ ಎರಡು ಮೂರು ಪಟ್ಟು ಖರ್ಚು. ಅದು ಬೆಳಕನ್ನು ಹಲವು ದೂರಗಳಿಗೆ ಹಂಚುವುದರಿಂದ ಕನ್ನಡಕದ ಅವಲಂಬನೆ ತಗ್ಗುತ್ತದೆ, ಅದೇ ಕಾರಣಕ್ಕೆ ಮಂದ ಬೆಳಕಿನಲ್ಲಿ ನೋಟ ಸ್ವಲ್ಪ ಮಂಕಾಗುತ್ತದೆ, ರಾತ್ರಿ ದೀಪಗಳ ಸುತ್ತ ಬಳೆಯಂತಹ ಪ್ರಭೆ ಕಾಣುತ್ತದೆ. ಗ್ಲಾಕೋಮಾ ಇರುವವರು, ಅಕ್ಷಿಪಟಲದ ತೊಂದರೆ ಇರುವ ಸಕ್ಕರೆ ಕಾಯಿಲೆಯವರು, ರಾತ್ರಿ ವಾಹನ ಓಡಿಸಿ ಜೀವನ ನಡೆಸುವವರು ಇದನ್ನು ಹಾಕಿಸಿಕೊಳ್ಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇವೆರಡರ ನಡುವೆ ನೋಟದ ವ್ಯಾಪ್ತಿ ಹಿಗ್ಗಿಸಿದ ಲೆನ್ಸುಗಳಿವೆ. ಅವುಗಳಲ್ಲಿ ದೂರ ಮತ್ತು ಕಂಪ್ಯೂಟರ್ ಪರದೆ ಚೆನ್ನಾಗಿ ಕಾಣುತ್ತವೆ, ಸಣ್ಣ ಅಕ್ಷರಕ್ಕೆ ಮಾತ್ರ ಕನ್ನಡಕ. 60ರಲ್ಲೂ ಕಚೇರಿ ಕೆಲಸ ಮಾಡುವವರಿಗೆ, ಕಣ್ಣಿನ ಒಳಭಾಗ ಆರೋಗ್ಯವಾಗಿದ್ದರೆ, ಇದು ಯೋಚಿಸತಕ್ಕದ್ದು. ಸಿಲಿಂಡರ್ 1.5ಕ್ಕಿಂತ ಹೆಚ್ಚಿರುವವರು ಹೆಚ್ಚುವರಿ ಹಣವನ್ನು ಮಲ್ಟಿಫೋಕಲ್‌ಗೆ ಹಾಕುವ ಬದಲು ಸಿಲಿಂಡರನ್ನೂ ಸರಿಪಡಿಸುವ ಟೋರಿಕ್ ಲೆನ್ಸಿಗೆ ಹಾಕಿದರೆ ದೂರದ ನೋಟ ಕನ್ನಡಕವಿಲ್ಲದೆ ಸ್ಪಷ್ಟವಾಗುತ್ತದೆ.

ಮೊನೊಫೋಕಲ್ ಹಾಕಿಸುವವರಿಗೂ ಒಂದು ಆಯ್ಕೆ ಇದೆ, ಅದನ್ನು ಬಹಳ ಕಡೆ ಯಾರೂ ಕೇಳುವುದೇ ಇಲ್ಲ. ಲೆನ್ಸನ್ನು ದೂರಕ್ಕೆ ಹೊಂದಿಸಬಹುದು, ಹತ್ತಿರಕ್ಕೂ ಹೊಂದಿಸಬಹುದು. ಜೀವನವಿಡೀ ಮೈನಸ್ 3 ಇದ್ದು ಕನ್ನಡಕ ತೆಗೆದು ಮಲಗಿಕೊಂಡೇ ಓದುವ ಅಭ್ಯಾಸದವರು ದೂರಕ್ಕೆ ಹೊಂದಿಸಿದ ಲೆನ್ಸ್ ಹಾಕಿಸಿಕೊಂಡರೆ ಆ ಸುಖ ಕಳೆದುಹೋಗುತ್ತದೆ. ಹೊಲಿಗೆ, ಓದು, ಬರವಣಿಗೆಯಲ್ಲೇ ದಿನ ಕಳೆಯುವವರು ಹತ್ತಿರಕ್ಕೆ ಹೊಂದಿಸಿಕೊಂಡು ದೂರಕ್ಕೆ ಕನ್ನಡಕ ಹಾಕಬಹುದು. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಸುಮಾರು ಮೈನಸ್ 1ಕ್ಕೆ ಹೊಂದಿಸಿದರೆ ಹೆಚ್ಚು ಖರ್ಚಿಲ್ಲದೆ ಮೊಬೈಲ್ ಮತ್ತು ಬೆಲೆಪಟ್ಟಿಯೂ ಕಾಣುತ್ತವೆ. ಟೇಪು ಹಿಡಿದು ಅಳೆದ ದೂರಗಳನ್ನು ಒಂದು ಚೀಟಿಯಲ್ಲಿ ಬರೆದು, ಲೆನ್ಸಿನ ಪವರ್ ಅಳೆಯುವ ದಿನವೇ ವೈದ್ಯರ ಕೈಗೆ ಕೊಡಿ.

ಅದೇ ಚೀಟಿಯಲ್ಲಿ ನೀವು ನುಂಗುವ ಮಾತ್ರೆಗಳ ಹೆಸರೂ ಇರಲಿ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಕಣ್ಣಿನ ಪಾಪೆಯನ್ನು ಸಡಿಲಗೊಳಿಸಿ ಶಸ್ತ್ರಚಿಕಿತ್ಸೆಯ ನಡುವೆ ತೊಡಕು ತರಬಲ್ಲದು. ಮೊದಲೇ ತಿಳಿದಿದ್ದರೆ ಶಸ್ತ್ರಚಿಕಿತ್ಸಕರು ಸಿದ್ಧರಾಗಿರುತ್ತಾರೆ. ಹಿಂದೆ ತೆಗೆದುಕೊಂಡು ಈಗ ಬಿಟ್ಟಿದ್ದರೂ ಬರೆಯಿರಿ. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳ ಅಥವಾ ವರ್ಷಗಳ ನಂತರ ನೋಟ ಮತ್ತೆ ಮಸುಕಾದರೆ ಲೆನ್ಸ್ ಕೆಟ್ಟಿತೆಂದು ಹೆದರಬೇಡಿ. ಲೆನ್ಸನ್ನು ಹೊತ್ತ ತೆಳುಚೀಲ ಮಬ್ಬಾಗಿರುವ ಸಾಧ್ಯತೆಯೇ ಹೆಚ್ಚು. ಪರೀಕ್ಷಿಸಿ ಅದೇ ಎಂದು ಖಚಿತವಾದರೆ ಯಾಗ್ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ, ಕೊಯ್ತವಿಲ್ಲದೆ ಸರಿಪಡಿಸುತ್ತಾರೆ.